ಆರಕ್ಷಕ ವೃತ್ತಿಯಲ್ಲಿ ಸ್ತ್ರೀಯರು : ಕಥೆಯೂ ಚರಿತ್ರೆಯೂ

ಗ್ರಂಥಕರ್ತರು ತಮ್ಮ ಹೊಸ ಪುಸ್ತಕವನ್ನು ಹೊರತರುವ ದಿನ ಸಭೆ ಸೇರಿಸಿ, ಅದು ಹುಟ್ಟಿದ ಬಗೆಯನ್ನು ತಾವೇ ವಾಚಕರ ಮುಂದೆ ಹೇಳುವ ಪದ್ಧತಿಯು ಈಚೆಗೆ ಎಲ್ಲೆಲ್ಲಿಯೂ ಬಳಕೆಗೆ ಬಂದಿದೆ. ಪುಸ್ತಕವು ಹಿಂದಿನ ಕಾಲವನ್ನು ಕುರಿತ ಪತ್ತೇದಾರಿ ಕಾದಂಬರಿಯಾಗಿದ್ದು, ಅದರ ನಾಯಿಕೆಯು ಕಳ್ಳರನ್ನೂ ಕೊಲೆಗಾರರನ್ನೂ ಪತ್ತೆಮಾಡುವ ಹೆಂಗಸಾಗಿದ್ದರಂತೂ, ಸಭಿಕರು ಕೇಳತಕ್ಕ ಪ್ರಶ್ನೆ ಒಂದೇ : “ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು?” ಈ ಪ್ರಶ್ನೆಗೆ ಗ್ರಂಥಕರ್ತರು ತಮ್ಮ ಪುಸ್ತಕದ ಮಟ್ಟಿಗೆ ಉತ್ತರ ಹೇಳಿ ಕುಳಿತುಕೊಳ್ಳುವರು. ಆದರೆ ಪ್ರಶ್ನೆಯು ಅಷ್ಟಕ್ಕೆ ಮುಗಿಯುವಂಥದಲ್ಲ.

ಕಳೆದ ಸಂಕ್ರಾಂತಿಯ ದಿನ ನಂದಗುಡಿಯ ನಮ್ಮ ಮನೆಗೆ, ಹಿಂದೆ ನನ್ನಲ್ಲಿ ಓದಿ ಈಗ ಪೋಲೀಸು ಇಲಾಖೆಯಲ್ಲಿ ಕಾನ್‌ಸ್ಟೇಬಲಾಗಿರುವ ಹೆಣ್ಣುಮಗಳೊಬ್ಬಳು ಎಳ್ಳು ಬೀರಲು ಬಂದಿದ್ದಳು. ನನ್ನ ಮೇಜಿನ ಮೇಲಿದ್ದ ಅಂಥದೊಂದು ಕಾದಂಬರಿಯನ್ನು ತಿರುವಿ ನೋಡಿ, “ಮೇಷ್ಟ್ರೇ, ಕಥೆ ಇರಲಿ. ನಮಗಿಂತ ಮುಂಚೆ ನಿಜವಾಗಿ ಈ ಕೆಲಸ ಮಾಡಿದವರು ಯಾರು?” ಎಂದು ಕೇಳಿದಳು. ನಾನು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದರೂ ಆ ಹೊತ್ತಿಗೆ ಅವಳಿಗೆ ನೆಟ್ಟಗೆ ಒಂದು ಉತ್ತರವನ್ನು ಹೇಳಲಾಗಲಿಲ್ಲ. “ಓದಿ ಹೇಳುತ್ತೇನೆ, ತಾಯಿ” ಎಂದೆನು. ಈ ಲೇಖನವು ಆ ಸಾಲವನ್ನು ತೀರಿಸುವ ಪ್ರಯತ್ನವಾಗಿದೆ.

ಮೊದಲು ಕಥೆಯಿಂದಲೇ ಆರಂಭಿಸೋಣ. ೨೦೧೫ನೆಯ ಇಸವಿಯಲ್ಲಿ ಅಮೆರಿಕದ ಏಮಿ ಸ್ಟುವರ್ಟ್ ಎಂಬ ಲೇಖಕಿಯು ‘ಗರ್ಲ್ ವೇಟ್ಸ್ ವಿತ್ ಗನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಈಕೆ ಅದಕ್ಕೆ ಮುಂಚೆ ಮದ್ಯಗಳಿಗೆ ಮೂಲವಾದ ಗಿಡಮೂಲಿಕೆಗಳ ವಿಷಯವಾಗಿ ಒಂದು ಗ್ರಂಥವನ್ನು ಬರೆಯುತ್ತಿದ್ದರು. ಅದಕ್ಕಾಗಿ ಹೆನ್ರಿ ಕಾಫ್‌ಮನ್ ಎಂಬ ಕಳ್ಳಮದ್ಯದ ವ್ಯಾಪಾರಿಯೊಬ್ಬನ ಸಮಾಚಾರವನ್ನು ಹಳೆಯ ವೃತ್ತಪತ್ರಿಕೆಗಳಲ್ಲಿ ಹುಡುಕುತ್ತಿರುವಾಗ, ಅದೇ ಹೆಸರಿನ ಕಾರಖಾನೆಯ ಯಜಮಾನನೊಬ್ಬನ ವ್ಯಾಜ್ಯವು ಕಣ್ಣಿಗೆ ಬಿದ್ದಿತು. ೧೯೧೪ನೆಯ ಜುಲೈ ತಿಂಗಳಲ್ಲಿ ನ್ಯೂಜೆರ್ಸಿ ಪ್ರಾಂತ್ಯದ ಪ್ಯಾಟರ್‌ಸನ್ ನಗರದಲ್ಲಿ ಈತನ ಮೋಟಾರು, ಕಾನ್‌ಸ್ಟೆನ್ಸ್ ಕಾಪ್ ಎಂಬವಳೂ ಅವಳ ತಂಗಿಯರೂ ಕುಳಿತಿದ್ದ ಕುದುರೆಗಾಡಿಗೆ ತಗುಲಿ ಗಾಡಿ ಮುರಿಯಿತು. ಅವಳು ಕೇಳಿದುದು ಐವತ್ತು ಡಾಲರು ಪರಿಹಾರವನ್ನು ಮಾತ್ರ. ಅವನು ಅದನ್ನು ಕೊಡದೆ ಹೋದುದಲ್ಲದೆ, ಆ ಒಂಟಿ ಮನೆಯ ಹೆಣ್ಣುಮಕ್ಕಳಿಗೆ ಬೆದರಿಕೆಯ ಕಾಗದಗಳು ಬರತೊಡಗಿದುವು. ರಾತ್ರಿಯ ವೇಳೆ ಗುಂಡುಗಳು ಹಾರಿದುವು. ಕಿರಿಯ ಹುಡುಗಿಯನ್ನು ಅಪಹರಿಸಿ ಮಾರಿಬಿಡುವುದಾಗಿಯೂ ಬರೆದಿತ್ತು.

ದೂರನ್ನು ಕಿವಿಗೆ ಹಾಕಿಕೊಂಡವನು ಬರ್ಗನ್ ಜಿಲ್ಲೆಯ ಷೆರೀಫ್ ರಾಬರ್ಟ್ ಹೀತ್ ಎಂಬವನು. ಅವನು ಆ ಸಹೋದರಿಯರ ಆತ್ಮರಕ್ಷಣೆಗೆ ಪಿಸ್ತೂಲುಗಳನ್ನು ಕೊಟ್ಟನು. ಕೊನೆಗೆ ಕಾಫ್‌ಮನ್ನನಿಗೆ ಸಾವಿರ ಡಾಲರು ಜುಲ್ಮಾನೆಯಾಯಿತು. ಕಾನ್‌ಸ್ಟೆನ್ಸಳ ಧೈರ್ಯವನ್ನು ಕಂಡ ಷೆರೀಫನು ಅವಳನ್ನೇ ತನ್ನ ಕೈಕೆಳಗಿನ ಅಧಿಕಾರಿಯನ್ನಾಗಿ ನೇಮಿಸಿಕೊಂಡನು. ತಪ್ಪಿಸಿಕೊಂಡು ಹೋಗಿದ್ದ ಕೈದಿಯೊಬ್ಬನನ್ನು ಅವಳು ಹಿಡಿದು ತಂದುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಮುಂದಿನ ಚುನಾವಣೆಯಲ್ಲಿ ಬೇರೊಬ್ಬ ಷೆರೀಫನು ಬಂದೊಡನೆ ಅವಳ ಕೆಲಸವೂ ಹೋಯಿತು. ಆಮೇಲೆ ಲೋಕವು ಅವಳನ್ನು ಮರೆತುಬಿಟ್ಟಿತು. ನೂರು ವರ್ಷಗಳ ಮೇಲೆ ಕಾದಂಬರಿಗಾರ್ತಿಯು ಅವಳನ್ನು ಮರಳಿ ತಂದಳು. ಪುಸ್ತಕದ ಹೆಸರು ಸಹ ಆ ಕಾಲದ ಪತ್ರಿಕೆಯ ತಲೆಬರಹವೇ.

ಈ ವೃತ್ತಾಂತದಲ್ಲಿ ವಾಚಕರು ಒಂದಂಶವನ್ನು ಗಮನಿಸಬೇಕು. ಅವಳಿಗೆ ಕೆಲಸವು ಬಂದುದು ಒಬ್ಬ ವ್ಯಕ್ತಿಯ ದಾಕ್ಷಿಣ್ಯದಿಂದ. ಹೋದುದು ಆ ವ್ಯಕ್ತಿಯು ಹೋದುದರಿಂದ. ಹುದ್ದೆ ಎಂಬುದು ವ್ಯಕ್ತಿಯನ್ನು ಮೀರಿ ನಿಲ್ಲತಕ್ಕದ್ದು. ಅದು ಅವಳ ಪಾಲಿಗೆ ನಿಲ್ಲಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಮನೆಮನೆಗೆ ಮುಟ್ಟಿಸಿದವರು ದಿವಂಗತ ಎನ್. ನರಸಿಂಹಯ್ಯನವರು, ಇವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಇವರ ಪ್ರಸಿದ್ಧ ಪತ್ತೇದಾರರಾದ ಪುರುಷೋತ್ತಮ, ಅರಿಂಜಯ, ಮಧುಸೂದನ ಇವರೆಲ್ಲರೂ ಗಂಡಸರೇ. ೨೦೨೨ನೆಯ ಇಸವಿಯಲ್ಲಿ ಬೆಂಗಳೂರಿನ ಪರಿಸರವಿಜ್ಞಾನದ ಪ್ರಾಧ್ಯಾಪಕಿ ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಎಂಬ ಕಾದಂಬರಿಯನ್ನು ಹೊರತಂದರು. ನನ್ನ ಶಿಷ್ಯೆಯು ತಿರುವಿ ನೋಡಿದ ಪುಸ್ತಕವು ಇದೇ. ಕಥೆಯು ೧೯೨೧ನೆಯ ಬೆಂಗಳೂರಿನಲ್ಲಿ ನಡೆಯುವುದು. ನಾಯಿಕೆ ಕಾವೇರಿಯು ಹತ್ತೊಂಬತ್ತು ವರ್ಷದ ಗೃಹಿಣಿ, ಗಣಿತದಲ್ಲಿ ಆಸಕ್ತೆ, ಪತಿಯು ಬೌರಿಂಗ್ ಆಸ್ಪತ್ರೆಯ ವೈದ್ಯನು. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆಯಾಗಲು, ಇಸ್ಮಾಯಿಲ್ ಎಂಬ ಪೋಲೀಸು ಇನ್‌ಸ್ಪೆಕ್ಟರನು ಅದನ್ನು ವಿಚಾರಿಸಬೇಕಾಗಿ ಬರುವುದು. ಕಾವೇರಿಯೂ ಅದರಲ್ಲಿ ತೊಡಗುವಳು.

ಕಾವೇರಿಯು ಪೋಲೀಸು ಅಧಿಕಾರಿಣಿಯಲ್ಲ. ಗ್ರಂಥಕರ್ತೃವು ಅವಳಿಗೆ ಅಂಥ ಹುದ್ದೆಯನ್ನು ಕೊಡದೆ ಇದ್ದುದೇ ಚರಿತ್ರೆಯ ದೃಷ್ಟಿಯಿಂದ ಸರಿಯಾದುದು. ಆಗಿನ ಬೆಂಗಳೂರಿನಲ್ಲಿ ಪೇಟೆಯ ಕಡೆಗೆ ಮೈಸೂರು ಮಹಾರಾಜರ ಆಡಳಿತ, ದಂಡಿನ ಕಡೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತ, ಹೀಗೆ ಎರಡು ಸರ್ಕಾರಗಳಿದ್ದುವು. ೧೮೮೧ರಲ್ಲಿ ಸಂಸ್ಥಾನವು ಅರಸರಿಗೆ ಮರಳಿದಾಗ ದಂಡಿನ ಪ್ರದೇಶವನ್ನು ಬ್ರಿಟಿಷರು ಉಳಿಸಿಕೊಂಡರು. ಅದು ೧೯೪೭ರಲ್ಲಿ ಮೈಸೂರಿಗೆ ಮರಳಿತು. ಸರ್ಕಾರಗಳು ಎರಡಿದ್ದರೂ, ಗಂಡಸು ಅಧಿಕಾರಿಯು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಹೆಂಗಸರ ಮಾತನ್ನು ಕೇಳತಕ್ಕವಳು ಒಬ್ಬಳೂ ಇರಲಿಲ್ಲ. ಆದುದರಿಂದಲೇ ಕಥೆಯ ಇನ್‌ಸ್ಪೆಕ್ಟರನಿಗೆ ಪದವಿಯಿಲ್ಲದ ಗೃಹಿಣಿಯು ಬೇಕಾದಳು. ಹೆಂಗಸಿನ ಕೆಲಸವು ಇತ್ತು, ಅದಕ್ಕೆ ಹುದ್ದೆ ಇರಲಿಲ್ಲ. ಇದೇ ಈ ವಿಷಯದ ಚರಿತ್ರೆಯ ತಿರುಳೆಂದು ನನಗೆ ತೋರುತ್ತದೆ.

ಇದಕ್ಕೆ ಶಾಸನದಲ್ಲಿಯೇ ಸಾಕ್ಷಿಯುಂಟು. ೧೮೯೮ನೆಯ ಇಸವಿಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೫೨ನೆಯ ಪ್ರಕರಣದಲ್ಲಿ, ಹೆಂಗಸಿನ ಮೈಯನ್ನು ಶೋಧಿಸಬೇಕಾಗಿ ಬಂದರೆ ಅದನ್ನು ಮತ್ತೊಬ್ಬ ಹೆಂಗಸಿನಿಂದಲೇ, ಮರ್ಯಾದೆಗೆ ಕಿಂಚಿತ್ತೂ ಲೋಪ ಬಾರದಂತೆ ಮಾಡಿಸತಕ್ಕದ್ದೆಂದು ವಿಧಿಸಿದ್ದರು. ವಿಧಿಯು ಉಚಿತವಾದುದೇ. ಆದರೆ ಆ ಮತ್ತೊಬ್ಬ ಹೆಂಗಸು ಯಾರು? ಠಾಣೆಯಲ್ಲಿ ಹೆಂಗಸಿಲ್ಲ. ಆದಕಾರಣ ಊರೊಳಗಿಂದಲೇ ಯಾರನ್ನಾದರೂ ಕರೆತರಬೇಕಾಗುತ್ತಿತ್ತು. ಸಂಬಳವಿಲ್ಲ, ಸನ್ನದಿಲ್ಲ, ತರಬೇತಿಲ್ಲ. ‘ಒಲ್ಲೆ’ನೆಂದರೆ ಊರ ದೊಡ್ಡವರ ಸಿಟ್ಟು.

ಅಂಥವಳೊಬ್ಬಳನ್ನು ನಾನು ಬಲ್ಲೆನು. ನಮ್ಮ ಹೋಬಳಿಯ ಒಂದು ಗ್ರಾಮದ ಸೂಲಗಿತ್ತಿ. ನಾನು ಈ ಲೋಕಕ್ಕೆ ಬಂದುದು ಅವಳ ಕೈಯಲ್ಲಿ. ನನ್ನ ಬಾಲ್ಯದಲ್ಲಿ ಅವಳು ಮುದುಕಿಯಾಗಿ, ನಮ್ಮ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತ ಹಳೆಯ ಸಂಗತಿಗಳನ್ನು ಹೇಳುತ್ತಿದ್ದಳು. ದೇಶಕ್ಕೆ ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ, ಅನುಕೂಲಸ್ಥರ ಮನೆಯೊಂದರಲ್ಲಿ ಒಂದು ಜೊತೆ ಬುಗುಡಿ ಕಾಣೆಯಾಯಿತಂತೆ. ಆ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ಹೆಂಗಸಿನ ಮೇಲೆ ಅನುಮಾನವುಂಟಾಗಿ ಅವಳನ್ನು ಚಾವಡಿಗೆ ಕರೆಸಿದರು. ಶೋಧನೆಗೆ ಸೂಲಗಿತ್ತಿಗೆ ಹೇಳಿಕಳುಹಿಸಿದರು. ಮುಂದಿನದನ್ನು ಅವಳ ಮಾತಿನಲ್ಲಿಯೇ ಹೇಳಬೇಕು :

“ಮಗಾ, ಗಂಡಸ್ರು ಮುಟ್ಟಂಗಿಲ್ಲ, ಕಾನೂನೈತೆ ಅಂದ್ರು. ಕಾನೂನಿಗೆ ಹೆಂಗಸಿನ ಕೈ ಬೇಕಾಗಿತ್ತು, ನನ್ನ ಕೈ ಸಿಕ್ತು. ಅವಳ ಎರಡು ಮಕ್ಕಳನ್ನ ಭೂಮಿಗೆ ತಂದ ಕೈನಾಗೇ ಅವಳ ಸೀರೆ ಬಿಡಿಸಿ ಜಾಲಾಡ್ದೆ. ಏನೂ ಸಿಗ್ಲಿಲ್ಲ. ಆಮ್ಯಾಕೆ ಅವಳು ನನ್ನ ಮುಖ ನೋಡ್ಲಿಲ್ಲ.”

ಬುಗುಡಿಯು ಹದಿನೈದು ದಿನಗಳ ಮೇಲೆ ಆ ಮನೆಯ ರಾಗಿಯ ವಾಡೆಯಲ್ಲಿಯೇ ಸಿಕ್ಕಿತು. ಅಷ್ಟರಲ್ಲಿ ಆ ಹೆಂಗಸು ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಹೋಗಿದ್ದಳು. ಅವಳು ಎಲ್ಲಿಗೆ ಹೋದಳೆಂದು ಸೂಲಗಿತ್ತಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕಾನೂನಿನಂತೆ ನೋಡಿದರೆ ಅಲ್ಲಿ ಯಾವ ತಪ್ಪೂ ನಡೆಯಲಿಲ್ಲ. ಹೆಂಗಸನ್ನು ಶೋಧಿಸಿದುದು ಹೆಂಗಸೇ. ಆದರೂ ಇಬ್ಬರು ಹೆಂಗಸರ ಬಾಳಿನಲ್ಲಿ ಅದರ ಗಾಯ ಉಳಿಯಿತು. ಶೋಧಿಸಿದವಳಿಗೆ ಅಧಿಕಾರವಿರಲಿಲ್ಲವಾಗಿ, “ಇದು ಸಾಕು, ಚಾವಡಿಯಲ್ಲಿ ಬೇಡ, ಮನೆಯೊಳಗೆ ನಡೆಯಲಿ, ಮೊದಲು ಆ ಮನೆಯನ್ನು ಚೆನ್ನಾಗಿ ಹುಡುಕಿ” ಎಂದು ಹೇಳುವ ಬಾಯಿಯೂ ಅವಳಿಗಿರಲಿಲ್ಲ. ಅವಳಿಂದ ಕೇಳಿದುದು ಕೈಯನ್ನು ಮಾತ್ರ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನು ಮಾಡಿದ್ದರೆಂಬುದನ್ನು ನೋಡುವುದು ಯುಕ್ತವಾಗಿದೆ. ಕೌಟಿಲೀಯ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ಕನ್ನಡನಾಡಿನಲ್ಲಿಯೇ. ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಒಪ್ಪಿಸಿದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದರು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಈ ಗ್ರಂಥವನ್ನು ಪಾಠ ಹೇಳುವಾಗ, ಶಾಸ್ತ್ರಿಗಳ ಹೆಸರನ್ನು ಕೈಮುಗಿದೇ ಹೇಳುತ್ತಿದ್ದರು.

ಈ ಗ್ರಂಥದಲ್ಲಿ ರಾಜನು ಹಾಸಿಗೆಯಿಂದೇಳುವಾಗ ಬಿಲ್ಲು ಹಿಡಿದ ಸ್ತ್ರೀಯರ ಗಣವು ಅವನನ್ನು ಸುತ್ತುವರಿದು ಕಾಯಬೇಕೆಂದು ವಿಧಿಸಿದೆ. ಗೂಢಚಾರರನ್ನು ಹೇಳುವ ಪ್ರಕರಣದಲ್ಲಿ ಪರಿವ್ರಾಜಿಕೆಗೆ ಸ್ಥಾನವುಂಟು. ಆಕೆಯ ಲಕ್ಷಣಗಳನ್ನು ನೋಡಿರಿ : ಬಡವಿ, ವಿಧವೆ, ಜೀವನೋಪಾಯವನ್ನು ಬಯಸತಕ್ಕವಳು, ಮಾತಿನಲ್ಲಿ ದಿಟ್ಟೆ. ಅಂತಃಪುರದಲ್ಲಿ ಸತ್ಕಾರ ಪಡೆದು ಆಕೆಯು ಮಹಾಮಾತ್ಯರ ಮನೆಗಳೊಳಕ್ಕೆ ಹೋಗಿ ಬರುತ್ತಿರಬೇಕು. ಗಂಡಸಿಗೆ ಮುಚ್ಚಿದ ಬಾಗಿಲು ಹೆಂಗಸಿಗೆ ತೆರೆಯುವುದೆಂಬ ಸಂಗತಿಯನ್ನು ಕೌಟಿಲ್ಯನು ಚೆನ್ನಾಗಿ ಬಲ್ಲನು. ಅಲ್ಲದೆ, ಅಪರಾಧದ ಶಂಕೆಯುಳ್ಳವರಿಗೆ ಯಾತನೆ ಕೊಟ್ಟು ವಿಚಾರಿಸುವುದನ್ನು ಹೇಳುವ ಸ್ಥಳದಲ್ಲಿ, ಗರ್ಭಿಣಿಗೂ ಹೆತ್ತು ತಿಂಗಳಾಗದ ಬಾಣಂತಿಗೂ ಯಾತನೆ ಕೂಡದೆಂದೂ, ಉಳಿದ ಸ್ತ್ರೀಯರಿಗೆ ಅರ್ಧ ಮಾತ್ರವೆಂದೂ, ಅಥವಾ ಬರಿಯ ಮಾತಿನ ವಿಚಾರಣೆಯೆಂದೂ ನಿಯಮಿಸಿರುವನು. ದಯೆಯ ಲೇಶವು ಇಲ್ಲಿ ಕಾಣುತ್ತದೆ. ಆದರೆ ಆ ಪರಿವ್ರಾಜಿಕೆಯನ್ನು ಆರಿಸಿದುದು ಅವಳ ಬಡತನವನ್ನೂ ವೈಧವ್ಯವನ್ನೂ ಬಳಸಿಕೊಳ್ಳಲೆಂದೇ ಹೊರತು, ಅವಳಿಗೆ ಮನ್ನಣೆ ಕೊಡಲೆಂದಲ್ಲ. ಅವಳ ಕೆಲಸವು ಗುಟ್ಟಿನದು; ಗುಟ್ಟಾಗಿಯೇ ಮುಗಿಯತಕ್ಕದ್ದು.

ಹಾಗಾದರೆ ಬಹಿರಂಗವಾಗಿ ಪದವಿಯನ್ನು ಪಡೆದ ಹೆಂಗಸು ನಮ್ಮಲ್ಲಿ ಇರಲೇ ಇಲ್ಲವೆ? ಇದ್ದಳು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿಯಲು, ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ನಾಳ್ಗಾವುಂಡತನವನ್ನು ಕೊಡಲಾಯಿತೆಂದು ಶಿಕಾರಿಪುರ ತಾಲ್ಲೂಕಿನ ಶಾಸನದಿಂದ ತಿಳಿಯಬರುತ್ತದೆ. ಬಿ. ಎಲ್. ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಇದನ್ನು ಪ್ರಕಟಿಸಿರುವರು. ಆಕೆಯು ಹೆಂಗಸಾಗಿದ್ದರೂ ನಾಡನ್ನು ಚೆನ್ನಾಗಿ ಆಳಿದಳೆಂದು ಶಾಸನವು ಹೊಗಳುತ್ತದೆ. ಕೊನೆಗೆ ದೇಹಕ್ಕೆ ವ್ಯಾಧಿಯು ಬರಲು, ಮಗಳನ್ನು ಕರೆದು ತನ್ನದನ್ನು ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ವ್ರತವನ್ನು ಕೈಕೊಂಡು ಮುಡಿಪಿದಳು. ನಾಡಿನ ಹೊಣೆಯಲ್ಲಿ ಕಂದಾಯದಂತೆಯೇ ಕಾವಲೂ ಸೇರಿದುದಾದ್ದರಿಂದ, ಹುದ್ದೆಯನ್ನು ಹೊತ್ತು ಊರು ಕಾಯ್ದ ಹೆಂಗಸೆಂದು ನಾವು ಹೆಮ್ಮೆಯಿಂದ ತೋರಿಸಬಹುದಾದವಳು ಈಕೆ. ಆದರೆ ಈಕೆಗೂ ಆ ಪದವಿಯು ಬಂದುದು ಗಂಡನ ತರುವಾಯ. ಅಂಥ ಉದಾಹರಣೆಗಳು ವಿರಳ.

ಈಚಿನ ಕಾಲದಲ್ಲಿ ಹುದ್ದೆಯು ನಿಧಾನವಾಗಿ ರೂಪುಗೊಂಡಿತು. ೧೯೧೦ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಏಲಿಸ್ ಸ್ಟೆಬಿನ್ಸ್ ವೆಲ್ಸ್ ಎಂಬಾಕೆಯು ಪೋಲೀಸಿಗೆ ಸೇರಿದಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೫ರಲ್ಲಿ, ಇಂಗ್ಲೆಂಡಿನ ಗ್ರಾಂಥಂ ಎಂಬ ಊರಿನಲ್ಲಿ, ಹತ್ತಿರವೇ ದೊಡ್ಡ ಸೈನ್ಯದ ಶಿಬಿರವಿದ್ದುದರಿಂದ, ಈಡಿತ್ ಸ್ಮಿತ್ ಎಂಬಾಕೆಯನ್ನು ದಸ್ತಗಿರಿ ಮಾಡುವ ಪೂರ್ಣ ಅಧಿಕಾರದೊಡನೆ ನೇಮಿಸಿದರು. ಬ್ರಿಟನ್ನಿನಲ್ಲಿ ಆ ಅಧಿಕಾರವನ್ನು ಪಡೆದ ಮೊದಲನೆಯ ಹೆಂಗಸು ಈಕೆಯೇ. ಈಕೆಯು ವಿಧವೆ, ಮಕ್ಕಳ ತಾಯಿ; ಅದಕ್ಕೆ ಮುಂಚೆ ಕಲಿತಿದ್ದ ವಿದ್ಯೆಯು ಹೆರಿಗೆ ಮಾಡಿಸುವುದು! ಇದನ್ನು ಓದಿದಾಗ ನನಗೆ ನಮ್ಮ ಸೂಲಗಿತ್ತಿಯ ನೆನಪು ಬಂದು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟೆನು. ಒಂದೇ ವೃತ್ತಿಯ ಇಬ್ಬರು ಹೆಂಗಸರು. ಒಬ್ಬಳಿಗೆ ಕಾನೂನು ತನ್ನ ಅಧಿಕಾರವನ್ನು ಕೊಟ್ಟಿತು. ಇನ್ನೊಬ್ಬಳ ಕೈಯನ್ನು ಎರವಲು ಪಡೆಯಿತು. ಈಡಿತ್ ಸ್ಮಿತ್ತಳಾದರೂ ವಾರದ ಏಳು ದಿನವೂ ದುಡಿದು, ದೇಹ ಜರ್ಝರಿತವಾಗಿ, ೧೯೧೮ರಲ್ಲಿ ಕೆಲಸವನ್ನು ಬಿಡಬೇಕಾಯಿತು.

ನಮ್ಮ ದೇಶದಲ್ಲಿ ೧೯೩೦ರ ದಶಕದಲ್ಲಿ ತಿರುವಾಂಕೂರು ಸಂಸ್ಥಾನವು ಕೆಲವರು ಸ್ತ್ರೀಯರನ್ನು ವಿಶೇಷ ಪೋಲೀಸರನ್ನಾಗಿ ತೆಗೆದುಕೊಂಡಿತು. ಅದೇ ದಶಕದಲ್ಲಿ ಕಾನ್‌ಪುರದ ಗಿರಣಿಯ ಮುಷ್ಕರದಲ್ಲಿ ಹೆಂಗಸರು ಬೀದಿಗಿಳಿದಾಗ, ಅವರನ್ನು ನಿಭಾಯಿಸಲು ಹೆಂಗಸು ಪೋಲೀಸರು ಬೇಕಾದರು; ಆ ಪ್ರಯೋಗವು ಬಹುಕಾಲ ನಡೆಯಲಿಲ್ಲ. ದೇಶವಿಭಜನೆಯ ಮೇಲೆ ನಿರಾಶ್ರಿತರಾಗಿ ಬಂದ ಸ್ತ್ರೀಯರ ಸಂಕಟವನ್ನು ಕಂಡು ದೆಹಲಿಯಲ್ಲಿಯೂ ಪಂಜಾಬಿನಲ್ಲಿಯೂ ಸ್ತ್ರೀಯರನ್ನು ನೇಮಿಸಿದರು. ಒಂದೊಂದು ಸಲವೂ ಸಂಕಟವೇ ಅವರನ್ನು ಕರೆಯಿತು. ಸಂಕಟವು ತಗ್ಗಿದರೆ ಕರೆಯೂ ತಗ್ಗುತ್ತಿತ್ತು.

ನೆಲೆಯಾದ ಸ್ಥಾನವು ದೊರೆತುದು ೧೯೭೦ರ ದಶಕದಲ್ಲಿ. ೧೯೭೨ರಲ್ಲಿ ಕಿರಣ್ ಬೇಡಿ ಅವರು ಐ.ಪಿ.ಎಸ್. ಸೇರಿದ ಪ್ರಥಮ ಮಹಿಳೆಯಾದರು. ೧೯೭೩ನೆಯ ಅಕ್ಟೋಬರ್ ೨೭ರಂದು ಕೋಳಿಕೋಡಿನಲ್ಲಿ ದೇಶದ ಮೊದಲನೆಯ ಮಹಿಳಾ ಪೋಲೀಸು ಠಾಣೆಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಆರಂಭಿಸಿದರು. ೧೯೭೫ರ ತಂಡದಲ್ಲಿ ಜೀಜಾ ಹರಿಸಿಂಗ್ ಅವರು ಕರ್ನಾಟಕಕ್ಕೆ ಬಂದರು. ದಕ್ಷಿಣ ದೇಶದಿಂದ ಐ.ಪಿ.ಎಸ್. ಸೇರಿದ ಮೊದಲ ಮಹಿಳೆ ಇವರು. ೨೦೧೭ನೆಯ ಅಕ್ಟೋಬರ್ ೩೧ರಂದು ನೀಲಮಣಿ ಎನ್. ರಾಜು ಅವರು ಕರ್ನಾಟಕ ಪೋಲೀಸಿನ ಮಹಾನಿರ್ದೇಶಕಿಯಾಗಿ ಅಧಿಕಾರವನ್ನು ವಹಿಸಿದರು. ರಾಜ್ಯದ ಪೋಲೀಸಿಗೆ ಸ್ತ್ರೀಯೊಬ್ಬಳು ಮುಖ್ಯಸ್ಥೆಯಾದುದು ಅದೇ ಮೊದಲು. ಇವರು ೨೦೨೦ನೆಯ ಜನವರಿಯವರೆಗೆ ಆ ಸ್ಥಾನದಲ್ಲಿದ್ದರು.

ಕಾನೂನೂ ಹಿಂದೆಯೇ ನಡೆದುಬಂದಿತು. ಹೆಂಗಸಿನ ಶೋಧನೆಯ ಹಳೆಯ ವಿಧಿಯು ೧೯೭೩ರ ಸಂಹಿತೆಯಲ್ಲಿಯೂ, ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದುಬಂದಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಿಶೇಷ ಸಂದರ್ಭಗಳ ಹೊರತು ಹೆಂಗಸನ್ನು ದಸ್ತಗಿರಿ ಮಾಡಕೂಡದೆಂದೂ, ಮಾಡಲೇಬೇಕಾದರೆ ಮಹಿಳಾ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅನುಮತಿಯನ್ನು ಪಡೆದು ಮಾಡಬೇಕೆಂದೂ ೨೦೦೫ರ ತಿದ್ದುಪಾಟು ವಿಧಿಸಿತು. ಮಾನಭಂಗವೇ ಮೊದಲಾದ ಅಪರಾಧಗಳಿಗೆ ಒಳಗಾದ ಸ್ತ್ರೀಯು ತಾನೇ ಹೇಳುವ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು ೨೦೧೩ರ ಶಾಸನವು ಗೊತ್ತುಮಾಡಿತು. ೧೮೯೮ರ ಕಾನೂನು ಹೆಂಗಸಿನ ಕೈಯನ್ನು ಮಾತ್ರ ಬೇಡಿತ್ತು. ಅವಳ ಕಿವಿಯೂ ವಿವೇಚನೆಯೂ ಬೇಕೆಂದು ಕಾನೂನು ಹೇಳಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಈಗ ಆರಂಭದ ಪ್ರಶ್ನೆಗೆ ಬರೋಣ. ಕಥೆಯಲ್ಲಿ ನಿಜವೆಷ್ಟು? ಕಾನ್‌ಸ್ಟೆನ್ಸಳ ಕಥೆಗೆ ಹಳೆಯ ಪತ್ರಿಕೆಗಳ ಆಧಾರವುಂಟು, ಕಾವೇರಿಯು ಕಲ್ಪಿತೆ. ಆದರೂ ಕಾವೇರಿಯ ಕಥೆಯು ಸುಳ್ಳೆಂದು ನಾನು ಹೇಳಲಾರೆ. ಹೆಸರು ದಾಖಲೆಯಾಗದೆ ಹೋದ ಎಷ್ಟೋ ಹೆಂಗಸರು ಪೋಲೀಸಿನ ಕೆಲಸವನ್ನು ಮಾಡಿದರೆಂಬ ನಿಜವನ್ನು ಅದು ಬೇರೊಂದು ರೀತಿಯಲ್ಲಿ ಹೇಳುತ್ತದೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಕಾದಂಬರಿಯ ನಾಯಿಕೆಯು ಕುತೂಹಲದಿಂದ ತಾನಾಗಿ ಮುಂದೆ ಬರುವಳು, ಕೊನೆಗೆ ನಿಜವನ್ನು ಕಂಡುಹಿಡಿದು ಗೆಲ್ಲುವಳು. ನಮ್ಮ ಸೂಲಗಿತ್ತಿಯನ್ನು ಹಿಡಿದು ಎಳೆತಂದರು. ಅವಳು ಏನನ್ನೂ ಕಂಡುಹಿಡಿಯಲಿಲ್ಲ, ಏನನ್ನೂ ಗೆಲ್ಲಲಿಲ್ಲ. ಗೆದ್ದವಳ ಕಥೆಯನ್ನು ಓದಿ ಸಂತೋಷಪಡುವಾಗ, ಗೆಲ್ಲದವಳ ಋಣವು ನಮ್ಮ ನೆನಪಿನಲ್ಲಿರಬೇಕು.

ಈ ಲೇಖನದ ಕರಡನ್ನು ನನ್ನ ಶಿಷ್ಯೆಗೆ ಓದಿ ಹೇಳಿದೆನು. ಸೂಲಗಿತ್ತಿಯ ಮಾತು ಬಂದಾಗ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಆಮೇಲೆ ಹೇಳಿದಳು : “ನಾನೂ ಹೆಂಗಸರನ್ನು ಶೋಧಿಸುತ್ತೇನೆ, ಮೇಷ್ಟ್ರೇ. ಮೊದಲು ಬಾಗಿಲು ಹಾಕುತ್ತೇನೆ. ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಅವರಿಗೆ ಹೇಳುತ್ತೇನೆ. ‘ಇಲ್ಲಿ ಬೇಡ’ ಅಂತ ನಾನು ಹೇಳಿದರೆ, ಗಂಡಸರೂ ಕೇಳಬೇಕು.”

ಬಾಗಿಲನ್ನು ಹಾಕುವ ಅಧಿಕಾರವೆಂಬುದು ನೋಡುವವರಿಗೆ ಅಲ್ಪವಾಗಿ ತೋರಬಹುದು. ನಮ್ಮ ಹೋಬಳಿಯ ಆ ಚಾವಡಿಯಲ್ಲಿ ಅಂದು ಅದಿಲ್ಲದೆ ಹೋಯಿತು. ಅದನ್ನು ಪಡೆದಿರುವ ಹೆಣ್ಣುಮಕ್ಕಳು ಅದನ್ನು ಚೆನ್ನಾಗಿ ಬಳಸಲಿ. ಅವರಿಗಿಂತ ಮೊದಲು ಅದಿಲ್ಲದೆ ಕೆಲಸ ಮಾಡಿದವರನ್ನು ನಾವು ಮರೆಯದಿರೋಣ.